ಮರದ ನೆತ್ತಿಗೊಂದು, ಬುಡಕ್ಕೊಂದು ತಾಪಮಾಪಕ

ಮೂಡಿಗೆರೆಯ ನಮ್ಮ ಕಾಫಿ ತೋಟಕ್ಕೆ ಎರಡು ಡಿಜಿಟಲ್ ತಾಪಮಾಪಕ ತಂದು ವರ್ಷವಾಯಿತು. ಕೊಟ್ಟ ಹಣಕ್ಕೆ ಮೋಸವಿಲ್ಲ. ಮೆಣಸು ಕೊಯ್ಯುವ ಏಣಿ ಹಾಕಿಸಿ ಒಂದನ್ನು ಸಿಲ್ವರ್ ಓಕ್ ಮರದ ಮೇಲೆ ಕಟ್ಟಿಸಿದೆ, ಇನ್ನೊಂದು ಕಾಫಿ ಗಿಡದ ಎತ್ತರದಲ್ಲಿದೆ. ಅಂಕಿಗಳು ಮೊಬೈಲ್‌ಗೆ ಬರುತ್ತವೆ. ಮಾರ್ಚ್ ಮಧ್ಯಾಹ್ನ ಮೇಲೆ 33 ಡಿಗ್ರಿ, ಕೆಳಗೆ 29. ಬಿಸಿಗಾಳಿ ಹಗುರ, ತಾನಾಗಿ ಕೆಳಗಿಳಿಯದು. ಆದರೆ ಜೋರು ಗಾಳಿ ಬೀಸಿ ಕೊಂಬೆಗಳು ಹೊಯ್ದಾಡಿದರೆ ಸಾಕು, ಕೆಳಗಿನ ಅಂಕಿಯೂ ಏರುತ್ತದೆ. ಚಳಿಗಾಲದ ರಾತ್ರಿ ಮೇಲಿನ ಎಲೆಗಳು ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ತಣ್ಣಗಾಗುತ್ತವೆ; ತಂಪುಗಾಳಿ ಬುಡಕ್ಕೆ ಜಾರುತ್ತದೆ.

ತಾಪಮಾಪಕದ ಜೊತೆ ಅದಕ್ಕೊಂದು ಬಿಸಿಲುಮರೆ ಕೊಡದಿದ್ದದ್ದು ದೊಡ್ಡ ಕೊರತೆ. ಎಲೆಸಂದಿಯಿಂದ ಬಿಸಿಲುಕೋಲು ನೇರವಾಗಿ ಬಿದ್ದಾಗ 40 ತೋರಿಸಿತು. ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲಾಗಿ ಒಂದರ ಮೇಲೊಂದು ಜೋಡಿಸಿ, ನಡುವೆ ಗಾಳಿಯಾಡಲು ಸಂದು ಬಿಟ್ಟ ಮೇಲೆ ಸರಿಹೋಯಿತು.