ಮನೆ ಹುಡುಕುವ ಆ್ಯಪಿನ ‘ಪ್ರಯಾಣದ ಸಮಯ’ ಫಿಲ್ಟರ್: ಎರಡು ಮನೆ ಬದಲಾಯಿಸಿದ ಮೇಲೆ ಬರೆದ ರಿವ್ಯೂ

5ಕ್ಕೆ 3 ಸ್ಟಾರ್ ಕೊಡುತ್ತಿದ್ದೇನೆ. ಹೋದ ವರ್ಷ ಕೇಳಿದ್ದರೆ ಒಂದೇ ಕೊಡುತ್ತಿದ್ದೆ.

ಆ್ಯಪಿನ ಹೆಸರು ಬರೆಯುತ್ತಿಲ್ಲ. ಇಂಥ ಫಿಲ್ಟರ್ ಈಗ ಹಲವು ಆ್ಯಪುಗಳಲ್ಲಿದೆ, ಕೆಲಸ ಮಾಡುವ ರೀತಿಯೂ ಹೆಚ್ಚುಕಡಿಮೆ ಒಂದೇ. ಕೆಲಸದ ಜಾಗ ಹಾಕಬೇಕು, ಎಷ್ಟು ಬಾಡಿಗೆ ಕೊಡಬಹುದು ಅಂತ ಹಾಕಬೇಕು, ಎಷ್ಟು ನಿಮಿಷದ ಪ್ರಯಾಣ ಪರವಾಗಿಲ್ಲ ಅಂತ ಒತ್ತಬೇಕು. ಮ್ಯಾಪಿನ ಮೇಲೆ ಬಣ್ಣ ಬಳಿದ ಹಾಗೆ ಒಂದಷ್ಟು ಜಾಗ ತುಂಬಿಕೊಳ್ಳುತ್ತದೆ, ಅದರೊಳಗಿನ ಮನೆಗಳಷ್ಟೇ ಪಟ್ಟಿಯಲ್ಲಿ ಬರುತ್ತವೆ. ಈ ಯೋಚನೆ ಹಳೆಯದು. 1881ರಲ್ಲೇ ಫ್ರಾನ್ಸಿಸ್ ಗಾಲ್ಟನ್ ಅನ್ನುವ ಇಂಗ್ಲೆಂಡಿನ ವಿಜ್ಞಾನಿ ಲಂಡನ್ನಿನಿಂದ ಜಗತ್ತಿನ ಯಾವ ಭಾಗಕ್ಕೆ ಎಷ್ಟು ದಿನದಲ್ಲಿ ತಲುಪಬಹುದು ಅಂತ ಹೀಗೇ ಬಣ್ಣ ಹಚ್ಚಿ ತೋರಿಸಿದ್ದ. ಅವನು ದಿನಗಳಲ್ಲಿ ಎಣಿಸಿದ, ನಾವು ನಿಮಿಷಗಳಲ್ಲಿ ಎಣಿಸುತ್ತೇವೆ, ಹಾಗಾಗಿ ಐದು ನಿಮಿಷ ತಪ್ಪಿದರೂ ನಮಗೆ ಜಾಸ್ತಿಯೇ.

ನಗರದ ಒಳಗೆ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ, ಮಗಳು ಓಡಾಡುವಷ್ಟು ದೊಡ್ಡವಳಾದ ಮೇಲೆ ಮನೆ ಇಕ್ಕಟ್ಟಾಗಿ, ಸರಿ ಹೊರಗೆ ಹೋಗೋಣ ಅಂತ ಗಂಡ ಹೆಂಡತಿ ಇಬ್ಬರೂ ತೀರ್ಮಾನ ಮಾಡಿ ಕೂತಾಗ, ಆ ಬಣ್ಣದ ಜಾಗ ನೋಡಿ ನಮಗೆ ಎಷ್ಟು ಸಮಾಧಾನ ಆಯಿತು ಅಂದರೆ ಅವತ್ತು ರಾತ್ರಿಯೇ ಮೂರು ಮನೆ ಗುರುತು ಹಾಕಿಕೊಂಡೆವು. ಮೂರನೆಯದಕ್ಕೆ ಅಡ್ವಾನ್ಸ್ ಕೊಟ್ಟೆವು. ಪ್ರಯಾಣ 38 ನಿಮಿಷ ಅಂತ ಆ್ಯಪ್ ಹೇಳಿತ್ತು.

ನನಗೆ ದಿನಾ ಆಗುತ್ತಿದ್ದದ್ದು 73 ನಿಮಿಷ.

ಎಲ್ಲಿ ಎಡವಿತು ಅಂತ ಆಮೇಲೆ ಒಂದು ವಾರ ಗಡಿಯಾರ ಹಿಡಿದು ಬರೆದಿಟ್ಟೆ. ಆ್ಯಪಿನ ಲೆಕ್ಕದಲ್ಲಿ ಮನೆಯಿಂದ ಸ್ಟೇಷನ್ನಿಗೆ ನಡಿಗೆ 8 ನಿಮಿಷ, ಟ್ರೈನು 22, ಇಳಿದ ಮೇಲೆ ನಡಿಗೆ 8. ಮ್ಯಾಪಿನ ಮೇಲೆ ಸ್ಟೇಷನ್ 600 ಮೀಟರ್ ದೂರದಲ್ಲಿತ್ತು, ಅದು ನಿಜ, ಕಿಟಕಿಯಿಂದ ಪ್ಲಾಟ್‌ಫಾರ್ಮಿನ ದೀಪ ಕಾಣುತ್ತಿತ್ತು. ಆದರೆ ನಡುವೆ ಹಳಿ ಇದೆ, ಹಳಿ ದಾಟುವ ದಾರಿ ಮುಚ್ಚಿದೆ, ಸುತ್ತಿ ಹೋದರೆ 1,400 ಮೀಟರ್. ಅಲ್ಲಿಗೇ 18 ನಿಮಿಷ. ಟ್ರೈನು 20 ನಿಮಿಷಕ್ಕೊಂದು, ಸರಾಸರಿ 9 ನಿಮಿಷ ಕಾಯುತ್ತಿದ್ದೆ. ಬೆಳಗಿನ ರಶ್ಶಿನಲ್ಲಿ ಟ್ರೈನಿಗೆ 26 ನಿಮಿಷ. ಇಳಿದು ಜನರ ನಡುವೆ ಮೆಟ್ಟಿಲು ಹತ್ತಿ ಹೊರಗೆ ಬರುವುದಕ್ಕೆ 6. ಅಲ್ಲಿಂದ ಆಫೀಸಿಗೆ ಬಸ್ಸಿನಲ್ಲಿ 14, ಯಾಕೆಂದರೆ ಆ್ಯಪ್ ತಾನಾಗಿಯೇ ಹಾಕಿಕೊಂಡಿದ್ದ ‘ನಗರದ ಕೇಂದ್ರ’ ನನ್ನ ಆಫೀಸು ಆಗಿರಲಿಲ್ಲ. ಆಫೀಸಿನ ವಿಳಾಸ ಕೊಡುವ ಜಾಗ ಇನ್ನೊಂದು ಸ್ಕ್ರೀನಿನ ಒಳಗಿತ್ತು. ಅದನ್ನು ಮೊದಲೇ ಕೇಳಬೇಕಿತ್ತು, ಈ ದೂರು ನನಗೆ ಇವತ್ತಿಗೂ ಇದೆ.

ನಡಿಗೆಯ ವಿಷಯದಲ್ಲಿ ಜಪಾನಿನ ನಿಯಮ ನನಗೆ ತುಂಬಾ ಇಷ್ಟ. ಅಲ್ಲಿ ಮನೆ ಜಾಹೀರಾತಿನಲ್ಲಿ ‘ಸ್ಟೇಷನ್ನಿಗೆ ಇಷ್ಟು ನಿಮಿಷ’ ಅಂತ ಹಾಕಬೇಕಾದರೆ ನಿಜವಾದ ದಾರಿಯನ್ನು ಅಳೆದು, 80 ಮೀಟರಿಗೆ 1 ನಿಮಿಷದಂತೆ ಲೆಕ್ಕ ಹಾಕಬೇಕು, ಚೂರು ಉಳಿದರೂ ಪೂರ್ತಿ ಒಂದು ನಿಮಿಷ ಸೇರಿಸಬೇಕು. ಸಿಗ್ನಲ್ಲಿನಲ್ಲಿ ನಿಲ್ಲುವ ಸಮಯ ಅದರಲ್ಲಿ ಸೇರಿರುವುದಿಲ್ಲ, ಆದರೂ ಎಲ್ಲರಿಗೂ ಒಂದೇ ಅಳತೆ ಇದೆ ಅಲ್ವಾ? ಈಗ ನಾನು ಯಾವ ಜಾಹೀರಾತು ನೋಡಿದರೂ ದಾರಿಯ ಮೀಟರು ನೋಡಿ 80ರಿಂದ ಭಾಗಿಸುತ್ತೇನೆ.

ಕಾಯುವ ಸಮಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮನ್ನು ನಿಜವಾಗಿ ಸೋಲಿಸಿದ್ದು ಅದೇ. ಈ ಆ್ಯಪುಗಳು ಸಾಮಾನ್ಯವಾಗಿ ಟೈಮ್‌ಟೇಬಲ್ ಇರುವ ಒಂದು ಫೈಲಿನಿಂದ ಲೆಕ್ಕ ತೆಗೆಯುತ್ತವೆ. ಅದರ ಹೆಸರು ಜಿಟಿಎಫ್‌ಎಸ್, 2005ರ ಸುಮಾರಿಗೆ ಅಮೆರಿಕದ ಪೋರ್ಟ್‌ಲ್ಯಾಂಡಿನ ಸಾರಿಗೆ ಸಂಸ್ಥೆಯೂ ಗೂಗಲ್ಲೂ ಸೇರಿ ಶುರು ಮಾಡಿದ್ದು, ಈಗ ಜಗತ್ತಿನ ತುಂಬಾ ಬಳಕೆಯಲ್ಲಿದೆ. ಒಳ್ಳೆಯ ಕೆಲಸ. ಆದರೆ ಟೈಮ್‌ಟೇಬಲ್ ಅನ್ನುವುದು ಎಲ್ಲವೂ ಸರಿಯಾಗಿ ನಡೆದ ದಿನದ ಲೆಕ್ಕ. ನಾನು ಪ್ಲಾಟ್‌ಫಾರ್ಮಿಗೆ ಕಾಲಿಟ್ಟ ಕೂಡಲೇ ಟ್ರೈನು ಬಂದು ನಿಲ್ಲುತ್ತದೆ ಅಂತ ಅದು ಅಂದುಕೊಂಡರೆ ನಾನೇನು ಮಾಡಲಿ? ಸಾರಿಗೆಯ ಲೆಕ್ಕ ಹಾಕುವವರೇ ಕಾಯುವ ಒಂದು ನಿಮಿಷಕ್ಕೆ, ಗಾಡಿಯೊಳಗಿನ ಒಂದು ನಿಮಿಷದ ಸುಮಾರು ಎರಡರಷ್ಟು ತೂಕ ಕೊಡುವುದು ವಾಡಿಕೆ. ಪ್ಲಾಟ್‌ಫಾರ್ಮಿನಲ್ಲಿ ಗಾಳಿಗೆ ನಿಂತವರಿಗೆ ಇದು ಯಾರೂ ಹೇಳಿಕೊಡಬೇಕಾಗಿಲ್ಲ.

ಮಗಳ ಡೇಕೇರ್ ಸಂಜೆ 6:30ಕ್ಕೆ ಮುಚ್ಚುತ್ತಿತ್ತು, ಸ್ಟೇಷನ್ನಿನ ಪಕ್ಕದಲ್ಲೇ. 5:30ಕ್ಕೆ ಆಫೀಸು ಬಿಟ್ಟರೆ ಎಲ್ಲ ಸರಿಯಾದ ದಿನ 6:25ಕ್ಕೆ ಅಲ್ಲಿರುತ್ತಿದ್ದೆ. ಬಸ್ಸು ಎರಡು ನಿಮಿಷ ತಡವಾಗಿ ಆ ಒಂದು ಟ್ರೈನು ಕೈತಪ್ಪಿದರೆ 6:45. ಒಂದು ದಿನ ಹಾಗೇ ಆಗಿ ಓಡಿಕೊಂಡು ಹೋದಾಗ, ಉಳಿದ ಮಕ್ಕಳೆಲ್ಲ ಹೋಗಿ ಇವಳೊಬ್ಬಳೇ ಚಪ್ಪಲಿ ಬಿಡುವ ಕಡೆಯ ಬೆಂಚಿನ ಮೇಲೆ ಬ್ಯಾಗು ಬೆನ್ನಿಗೆ ಹಾಕಿಕೊಂಡು ಕೂತಿದ್ದಳು. ಶೂ ತಾನೇ ಹಾಕಿಕೊಂಡಿದ್ದಳು, ಎಡ ಬಲ ಅದಲು ಬದಲು. ಅಳುತ್ತಿರಲಿಲ್ಲ, ಸುಮ್ನೆ ಬಾಗಿಲು ನೋಡುತ್ತಿದ್ದಳು. ಈ ಮನೆ ಬೇಡ ಅಂತ ನಾನು ನಿರ್ಧಾರ ಮಾಡಿದ್ದು ಅವತ್ತು.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆವು. ಆ್ಯಪ್ ಹೇಳಿದ್ದಕ್ಕಿಂತ ಒಂದು ಕಡೆಗೆ 35 ನಿಮಿಷ ಜಾಸ್ತಿ, ಹೋಗಿ ಬರುವುದಕ್ಕೆ 70. ತಿಂಗಳಿಗೆ 22 ಕೆಲಸದ ದಿನ ಅಂದರೆ 25 ಗಂಟೆ 40 ನಿಮಿಷ. ಪ್ರತಿ ತಿಂಗಳೂ ಒಂದು ಪೂರ್ತಿ ದಿನ, ರಾತ್ರಿಯ ನಿದ್ದೆ ಸಮೇತ.

ಹಣದ ಕಥೆಯೂ ಹಾಗೇ. ನಗರದಲ್ಲಿದ್ದಾಗ ಬಾಡಿಗೆ ನಮ್ಮ ಆದಾಯದ 38%, ಓಡಾಟ 3%. ಹೊರಗೆ ಬಂದ ಮೇಲೆ ಬಾಡಿಗೆ 27%ಕ್ಕೆ ಇಳಿಯಿತು, ಖುಷಿಪಟ್ಟೆವು. ಆದರೆ ಟ್ರೈನಿನ ಪಾಸು, ಬಸ್ಸಿನ ಪಾಸು, ತಡವಾದಾಗ ಟ್ಯಾಕ್ಸಿ, ಇವೆಲ್ಲ ಸೇರಿ ಓಡಾಟ 14% ಆಗಿತ್ತು. ಎರಡನ್ನೂ ಕೂಡಿಸಿದರೆ ಮೊದಲೂ 41, ಈಗಲೂ 41. ಶಿಕಾಗೋದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಅನ್ನುವ ಸಂಸ್ಥೆ ವರ್ಷಗಳಿಂದ ಹೇಳುತ್ತಾ ಬಂದಿರುವುದು ಇದನ್ನೇ: ಮನೆಯ ಖರ್ಚು 30% ದಾಟಬಾರದು ಅನ್ನುವ ಅಳತೆ ಸಾಲದು, ಮನೆ ಮತ್ತು ಓಡಾಟ ಎರಡೂ ಸೇರಿ 45% ಒಳಗಿದೆಯಾ ನೋಡಿ ಅಂತ. ಆ್ಯಪಿನಲ್ಲಿ ಬಾಡಿಗೆಗೆ ಒಂದು ಖಾನೆ ಇದೆ, ಪಾಸಿನ ದುಡ್ಡಿಗೆ ಖಾನೆಯೇ ಇಲ್ಲ. ಇದಕ್ಕೇ ಒಂದು ಸ್ಟಾರ್ ಕಡಿಮೆ ಮಾಡಿದ್ದೇನೆ. ಸ್ಟೇಷನ್ ಗೊತ್ತಿದ್ದ ಮೇಲೆ ಪಾಸು ಎಷ್ಟು ಅಂತ ಲೆಕ್ಕ ಹಾಕುವುದು ಕಷ್ಟವೇನಲ್ಲ.

ಎರಡನೇ ಸಲ ಹುಡುಕುವಾಗ ಆ್ಯಪಿನಿಂದ ಹೆಸರುಗಳನ್ನಷ್ಟೇ ತೆಗೆದುಕೊಂಡೆವು. ಮಿತಿಯನ್ನು 45ರಿಂದ 60 ನಿಮಿಷಕ್ಕೆ ಏರಿಸಿದೆ, ಆಫೀಸಿನ ನಿಜವಾದ ವಿಳಾಸ ಕೊಟ್ಟೆ. ಬಂದ ಪ್ರತಿ ಏರಿಯಾವನ್ನೂ ಗೂಗಲ್ ಮ್ಯಾಪ್ಸ್‌ನಲ್ಲಿ ಹಾಕಿ, ‘ಇಷ್ಟು ಗಂಟೆಗೆ ತಲುಪಬೇಕು’ ಅನ್ನುವ ಆಯ್ಕೆಯಲ್ಲಿ ಸೋಮವಾರ ಬೆಳಿಗ್ಗೆ ಆಫೀಸಿನ ಹೊತ್ತು ಕೊಟ್ಟು ನೋಡಿದೆ. ಭಾನುವಾರ ಮಧ್ಯಾಹ್ನ ಸೋಫಾ ಮೇಲೆ ಕೂತು ‘ಈಗ ಹೊರಟರೆ’ ಅಂತ ನೋಡಬೇಡಿ, ದಯವಿಟ್ಟು. ಸಂಜೆ ವಾಪಸ್ ಬರುವ ದಾರಿಯನ್ನೂ ಬೇರೆಯಾಗಿ ಹಾಕಿ ನೋಡಿದೆ, ಕೊನೆಯ ಟ್ರೈನು ಎಷ್ಟಕ್ಕೆ, ರಜಾ ದಿನ ಎಷ್ಟು ಹೊತ್ತಿಗೊಂದು ಅಂತಲೂ. ಅಲ್ಲಿಗೇ ಅರ್ಧ ಪಟ್ಟಿ ಖಾಲಿ ಆಯಿತು.

‘ಹೊಸ ಲೈನ್ ಬರಲಿದೆ, ಸ್ಟೇಷನ್ ಹತ್ತಿರ’ ಅಂತ ಬರೆದಿದ್ದ ಮನೆಗಳನ್ನು ನೋಡಲೇ ಇಲ್ಲ. ಲಂಡನ್ನಿನ ಎಲಿಜಬೆತ್ ಲೈನ್ 2018ರ ಡಿಸೆಂಬರಿನಲ್ಲಿ ಶುರುವಾಗಬೇಕಿತ್ತು, ಶುರುವಾಗಿದ್ದು 2022ರ ಮೇ ತಿಂಗಳಲ್ಲಿ. ಮೂರೂವರೆ ವರ್ಷ ನನ್ನ ಮಗಳು ಬೆಂಚಿನ ಮೇಲೆ ಕಾಯುವುದು ಬೇಡ.

ಉಳಿದ ಮೂರು ಏರಿಯಾಗಳಿಗೆ ರಜೆ ಹಾಕಿ ಹೋದೆ. ವಾರದ ಮಧ್ಯೆ, ಬೆಳಗಿನ ರಶ್ಶಿನಲ್ಲೇ, ಅಲ್ಲಿ ಮನೆ ಇರುವವಳ ಹಾಗೆ ಮನೆ ಬಾಗಿಲಿನಿಂದ ಹೊರಟು ಆಫೀಸಿನ ಬಾಗಿಲಿನ ತನಕ. ಒಂದು ಸ್ಟೇಷನ್ನಿನಲ್ಲಿ ಎರಡು ಟ್ರೈನು ಬಿಟ್ಟೆ, ಒಳಗೆ ಕಾಲಿಡಲು ಜಾಗ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿ, “ಇಲ್ಲಿ ಮನೆ ನೋಡ್ತಿದ್ದೀಯಾ ತಾಯಿ?” ಅಂತ ಕೇಳಿದರು. ಹೌದು ಅಂದೆ. “ಹಾಗಿದ್ರೆ ಇನ್ನೂ ಮೂರು ಸ್ಟೇಷನ್ ಮುಂದಕ್ಕೆ ಹೋಗಿ ನೋಡಮ್ಮ. ಗಾಡಿ ಅಲ್ಲಿಂದಾನೇ ಹೊರಡೋದು. ಖಾಲಿ ನಿಂತಿರುತ್ತೆ, ಕೂತ್ಕೊಂಡು ಬರಬಹುದು.”

ಯಾವ ಫಿಲ್ಟರೂ ನನಗೆ ಹೇಳದಿದ್ದ ಮಾತು ಅದು. ಮೊದಲ ಸ್ಟೇಷನ್. ಎಲ್ಲರೂ ನಗರಕ್ಕೆ ಹತ್ತಿರ ಹತ್ತಿರ ಅಂತ ನೋಡುವುದರಿಂದ ನಡುವಿನ ಸ್ಟೇಷನ್ನುಗಳಲ್ಲಿ ಬಾಡಿಗೆಯೂ ಜಾಸ್ತಿ, ರಶ್ಶೂ ಜಾಸ್ತಿ. ಲೈನಿನ ತುದಿಯಲ್ಲಿ ಬಾಡಿಗೆ ಕಡಿಮೆ, ಸೀಟು ಖಂಡಿತ. ಇನ್ನೊಂದು ವಿಷಯವನ್ನೂ ಅವತ್ತೇ ಗಮನಿಸಿದೆ. ಫಾಸ್ಟ್ ಟ್ರೈನು ನಿಲ್ಲುವ ದೂರದ ಸ್ಟೇಷನ್, ಅದು ನಿಲ್ಲದ ಹತ್ತಿರದ ಸ್ಟೇಷನ್ನಿಗಿಂತ ಬೇಗ ತಲುಪಿಸಬಹುದು. ಮ್ಯಾಪಿನಲ್ಲಿ ಕಿಲೋಮೀಟರ್ ನೋಡಿ ‘ಅಯ್ಯೋ ಇಷ್ಟು ದೂರಾನಾ’ ಅನ್ನುವ ಮೊದಲು ಟೈಮ್‌ಟೇಬಲ್ ತೆಗೆದು ಯಾವ ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ನೋಡಿ.

ನಾವೀಗ ಇರುವುದು ಆ ತುದಿಯ ಏರಿಯಾದಲ್ಲಿ, ಏಳು ತಿಂಗಳಾಯಿತು. ಸ್ಟೇಷನ್ನಿಗೆ ನಡಿಗೆ 6 ನಿಮಿಷ, ಹೊರಡುವ ತನಕ 5 ನಿಮಿಷ ಸೀಟಿನಲ್ಲೇ ಕೂತಿರುತ್ತೇನೆ, ಟ್ರೈನು 41, ಇಳಿದ ಮೇಲೆ ಆಫೀಸಿಗೆ 12. ಒಟ್ಟು 64. ದೂರ ಜಾಸ್ತಿಯಾದರೂ ಹಳೆಯ ಮನೆಗಿಂತ 9 ನಿಮಿಷ ಕಡಿಮೆ, ಬಸ್ಸೂ ಇಲ್ಲ. ಬಾಡಿಗೆ 24%, ಓಡಾಟ 10%. ಮಗಳ ಡೇಕೇರ್ ಈಗ ಮನೆಯ ಬೀದಿಯಲ್ಲೇ, 7 ಗಂಟೆಯ ತನಕ ತೆರೆದಿರುತ್ತದೆ.

ಎಲ್ಲ ಚೆನ್ನಾಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ದಿನಕ್ಕೆ ಎರಡು ಗಂಟೆ ಪ್ರಯಾಣ ಕಡಿಮೆಯೇನಲ್ಲ. ಚೆಸಾರೆ ಮಾರ್ಕೆಟಿ ಅನ್ನುವ ಇಟಲಿಯ ಭೌತವಿಜ್ಞಾನಿ 1994ರಲ್ಲಿ ಬರೆದ ಪ್ರಕಾರ ಜನ ಯಾವ ಕಾಲದಲ್ಲೂ ಓಡಾಟಕ್ಕೆ ದಿನಕ್ಕೆ ಸುಮಾರು ಒಂದು ಗಂಟೆ ಕೊಡುತ್ತಾ ಬಂದಿದ್ದಾರೆ, ನಾನು ಅದರ ಎರಡರಷ್ಟು ಕೊಡುತ್ತಿದ್ದೇನೆ. ಬ್ರೂನೋ ಫ್ರೇ ಮತ್ತು ಅಲೋಯಿಸ್ ಸ್ಟುಟ್ಸರ್ ಅನ್ನುವ ಅರ್ಥಶಾಸ್ತ್ರಜ್ಞರು ಜರ್ಮನಿಯ ಜನರ ಮಾಹಿತಿ ಇಟ್ಟುಕೊಂಡು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರ ಓಡಾಡುವವರಿಗೆ ಬದುಕಿನ ಬಗ್ಗೆ ತೃಪ್ತಿ ಕಡಿಮೆ, ಸಿಗುವ ಸಂಬಳವೋ ಅಗ್ಗದ ಮನೆಯೋ ಅದನ್ನು ಪೂರ್ತಿ ತುಂಬಿಕೊಡುವುದಿಲ್ಲ ಅಂತ ಕಂಡುಬಂತು. ನಂಬುತ್ತೇನೆ. ನಿಂತು ಬರುತ್ತಿದ್ದ ದಿನಗಳಲ್ಲಿ ನಾನು ಮನೆಗೆ ಬಂದು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಈಗ ಕೂತು ಬರುವಾಗ ಓದುತ್ತೇನೆ, ಕೆಲವು ದಿನ ನಿದ್ದೆ ಮಾಡುತ್ತೇನೆ, ಮನೆ ಬಾಗಿಲು ತೆಗೆಯುವಾಗ ಸ್ವಲ್ಪ ಶಕ್ತಿ ಉಳಿದಿರುತ್ತದೆ. ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಮಾಡುವವರಿಗೆ ಇದು ಇನ್ನೂ ಸುಲಭವಾಗಿ ಹೊಂದುತ್ತದೆ. ವಾರಕ್ಕೆ ಆರು ದಿನ ಹೋಗಬೇಕಾದವರಿಗೆ, ಅಥವಾ ರಾತ್ರಿ ಪಾಳಿ ಇರುವವರಿಗೆ, ತುದಿಯ ಸ್ಟೇಷನ್ ಬೇಡ ಅನ್ನುತ್ತೇನೆ, ಕೊನೆಯ ಟ್ರೈನು ತಪ್ಪಿದರೆ ದಾರಿಯೇ ಇರುವುದಿಲ್ಲ.

ಆ್ಯಪಿಗೆ ಕೊಟ್ಟ 3 ಸ್ಟಾರ್ ಅದು ಹೆಸರುಗಳನ್ನು ಕೊಟ್ಟದ್ದಕ್ಕೆ. ನನಗೆ ಪರಿಚಯವೇ ಇಲ್ಲದ ಹತ್ತು ಏರಿಯಾಗಳನ್ನು ಒಂದೇ ಸಂಜೆ ಮುಂದೆ ಇಟ್ಟಿತು, ಅದು ದೊಡ್ಡ ಸಹಾಯ. ನೀವೂ ಬಳಸಿ, ಆದರೆ ಮೊದಲು ಆಫೀಸಿನ ವಿಳಾಸ ಬದಲಾಯಿಸಿ, ಮಿತಿಯನ್ನು ನಿಮಗೆ ಬೇಕಾದ್ದಕ್ಕಿಂತ 15 ನಿಮಿಷ ಜಾಸ್ತಿ ಇಡಿ. ನಮ್ಮ ಈಗಿನ ಮನೆಗೆ ಆ್ಯಪ್ ತೋರಿಸುವುದು 58 ನಿಮಿಷ. ಮೊದಲಿನ ಹಾಗೆ 45ಕ್ಕೇ ಇಟ್ಟು ಹುಡುಕಿದ್ದರೆ ಈ ಬೀದಿ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.