ಕೆರೆ ಅಳೆಯಲು ಯಾವುದು ಮೇಲು: ಟೋಪೋಶೀಟ್, ಸೆಂಟಿನೆಲ್, ದಿಶಾಂಕ್?

ಭೂಗೋಳ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಕೆರೆ ಆರಿಸಿಕೊಂಡರೆ ಮೊದಲು ಕಾಡುವ ಪ್ರಶ್ನೆ: ಈ ಕೆರೆ ಎಲ್ಲಿಂದ ಎಲ್ಲಿವರೆಗೆ? ಮೈಸೂರು ಹತ್ತಿರದ ಒಂದು ಊರಕೆರೆಗೆ ಮೂರು ದಾರಿ ಹಿಡಿದು ನೋಡಿದೆ. ಮೂರೂ ಮೂರು ಉತ್ತರ ಕೊಟ್ಟವು.

ನೆಲದ ಏರಿಳಿತ, ಹಳ್ಳ, ಕೆರೆ ತೋರಿಸುವ ಸರ್ವೇ ಆಫ್ ಇಂಡಿಯಾದ ನಕ್ಷೆ, ಅಂದರೆ ಟೋಪೋಶೀಟ್‌ನಲ್ಲಿ ಮೈಸೂರು ಬರುವುದು 57ಡಿ/11 ನಂಬರಿನ ಶೀಟಿನಲ್ಲಿ. ಏರಿ ಎಲ್ಲಿದೆ, ಮೇಲಿನ ಕೆರೆಯಿಂದ ಹಳ್ಳ ಹೇಗೆ ಇಳಿದು ಬರುತ್ತದೆ, ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಜಲಾನಯನ ಗುರುತಿಸಲು ಇದೇ ಸೈ. ವಿಸ್ತೀರ್ಣಕ್ಕೆ ಮಾತ್ರ ಬೇಡ. 1:50,000 ಶೀಟಿನಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದಲ್ಲಿ 50 ಮೀಟರ್. ಪೆನ್ಸಿಲ್ ಗೆರೆ ಸ್ವಲ್ಪ ದಪ್ಪ ಆದರೆ ಒಂದು ಥರ್ಟಿ-ಫಾರ್ಟಿ ಸೈಟೇ ಗೆರೆಯೊಳಗೆ ಮುಳುಗುತ್ತದೆ!

ಯುರೋಪಿನ ಉಪಗ್ರಹ ಸೆಂಟಿನೆಲ್-2ರ ಚಿತ್ರ ಪುಕ್ಕಟೆ, ಅದನ್ನು ತೆರೆದು ಅಳೆಯುವ ನಕ್ಷೆ ಸಾಫ್ಟ್‌ವೇರ್ ಕ್ಯೂಜಿಐಎಸ್ ಕೂಡ ಪುಕ್ಕಟೆ. ಅಮೆರಿಕದ ಉಪಗ್ರಹ ಲ್ಯಾಂಡ್‌ಸ್ಯಾಟ್‌ನ ಒಂದು ಪಿಕ್ಸೆಲ್ 30 ಮೀಟರ್, ಇದರದ್ದು 10. ಚಿಕ್ಕ ಕೆರೆಗೆ ಈ ವ್ಯತ್ಯಾಸ ಬಹಳ ದೊಡ್ಡದು. ನೀರು ಗುರುತಿಸುವ ಸೂಚ್ಯಂಕ ಎನ್‌ಡಿಡಬ್ಲ್ಯುಐ ಹಾಕಿದೆ. ಹಸಿರು ಬೆಳಕಿನ ಬ್ಯಾಂಡ್ ಮತ್ತು ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್) ಬ್ಯಾಂಡ್‌ಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸುವುದು, ಅಷ್ಟೇ. ನೀರು ಅವಕೆಂಪನ್ನು ಹೀರಿಕೊಳ್ಳುತ್ತದೆ, ಹಾಗಾಗಿ ನೀರಿರುವಲ್ಲಿ ಸೂಚ್ಯಂಕದ ಬೆಲೆ ಸೊನ್ನೆಗಿಂತ ಮೇಲೆ. ಫಲಿತಾಂಶ ನೋಡಿದರೆ ಕೆರೆ ಅರ್ಧಕ್ಕೆ ಅರ್ಧ ಒಣಗಿದೆ! ಏರಿ ಮೇಲೆ ಹೋಗಿ ನಿಂತರೆ ಕೋಡಿವರೆಗೂ ನೀರು. ನೀರಿನ ಮೇಲೆ ಮಾತ್ರ ನೇರಳೆ ಹೂ ಬಿಟ್ಟ ಅಂತರಗಂಗೆ ಹಾಸಿಕೊಂಡಿತ್ತು. ಎಲೆ ಅವಕೆಂಪನ್ನು ವಾಪಸ್ ಚಿಮ್ಮಿಸುತ್ತದೆ. ಉಪಗ್ರಹದ ಲೆಕ್ಕದಲ್ಲಿ ಅದು ಗದ್ದೆಯೂ ಹೌದು, ತೋಟವೂ ಹೌದು, ಕೆರೆ ಮಾತ್ರ ಅಲ್ಲ. ಅವಕೆಂಪನ್ನು ಕೆಂಪು ಬಣ್ಣದಲ್ಲಿ ತೋರಿಸುವ ಫಾಲ್ಸ್ ಕಲರ್‌ನಲ್ಲಿ ಅದೇ ಜಾಗ ಕಡು ಕೆಂಪಾಗಿ ಕಾಣುತ್ತದೆ, ಅದನ್ನು ಕೈಯಿಂದಲೇ ಗೆರೆ ಎಳೆದು ಸೇರಿಸಬೇಕು. ಮಳೆಗಾಲದ ಚಿತ್ರಗಳ ತಂಟೆಗೆ ಹೋಗಬೇಡಿ, ಬರೀ ಮೋಡ. ಜನವರಿಯದ್ದು ಒಳ್ಳೆಯದು.

ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೇ ನಂಬರ್ ತೋರಿಸುತ್ತದೆ. ಅಂದರೆ ಕೆರೆ ಅಂಗಳ ದಾಖಲೆಯಲ್ಲಿ ಎಲ್ಲಿವರೆಗಿದೆ ಎಂಬುದು ಗೊತ್ತಾಗುತ್ತದೆ, ಇವತ್ತಿನ ನೀರಿಗೂ ಅದಕ್ಕೂ ಸಂಬಂಧ ಇಲ್ಲ. ಮರದಡಿ ಫೋನಿನ ಜಿಪಿಎಸ್ ಸುಮ್ನೆ ಅತ್ತಿತ್ತ ಓಲಾಡುತ್ತದೆ. ಒತ್ತುವರಿ ಅಂತ ಪ್ರಾಜೆಕ್ಟ್‌ನಲ್ಲಿ ಬರೆಯುವ ಮೊದಲು ಸರ್ವೇಯರ್ ಅಳತೆ ಬೇಕೇ ಬೇಕು.

ನನ್ನ ಓಟು ಸೆಂಟಿನೆಲ್‌ಗೆ. ಆದರೆ ಚಿತ್ರ ತೆಗೆದ ದಿನದ ಆಸುಪಾಸಿನಲ್ಲೇ ಒಮ್ಮೆ ಏರಿ ಸುತ್ತಿ, ಫೋಟೋ ತೆಗೆದಿಟ್ಟುಕೊಳ್ಳಿ. ವೈವಾದಲ್ಲಿ ಮೊದಲು ಕೇಳುವುದೇ ಅದನ್ನು.