300, 350, 400 ಡಿಗ್ರಿ ಸೆಲ್ಸಿಯಸ್: ಸೋಲ್ಡರಿಂಗ್ ಬಿಟ್ ಎಷ್ಟು ಕಾಯಬೇಕು?

ಹೋಲಿಕೆಗೆ ತಗೊಂಡಿದ್ದು ಮಾಮೂಲಿ 25 ವ್ಯಾಟ್ ಸೋಲ್ಡರಿಂಗ್ ಐರನ್ (ಅದರ ಕಾಯುವ ತುದಿಯೇ ಬಿಟ್) ಮತ್ತು ಡಯಲ್ ತಿರುಗಿಸಿ ಶಾಖ ಹೊಂದಿಸುವ 936 ಮಾದರಿಯ ಸ್ಟೇಷನ್. ಲೆಡ್ (ಬೆಸುಗೆ ತಂತಿ) 60/40, ಅಂದರೆ 60 ಪಾಲು ತವರ, 40 ಪಾಲು ಸೀಸ; 0.8 ಮಿ.ಮೀ., ಒಳಗೆ ಲೆಡ್ ಚೆನ್ನಾಗಿ ಹಿಡಿಯಲು ರೋಸಿನ್ ಫ್ಲಕ್ಸ್ ಇರುವಂಥದ್ದು. ಮಾಡಿದ ಕೆಲಸ ಮೂರು: ಕಾಲು ವ್ಯಾಟಿನ ರೆಸಿಸ್ಟರ್, 0805 ಸೈಜಿನ ಚಿಪ್ (ಬೋರ್ಡಿನ ಮೇಲೆಯೇ ಕೂರುವ ಕಾಲಿಲ್ಲದ ಪುಟ್ಟ ಬಿಡಿಭಾಗ), ಬೋರ್‌ವೆಲ್ ಆಟೋ ಸ್ಟಾರ್ಟರ್ ಬೋರ್ಡಿನ ರಿಲೇ ಪಾಯಿಂಟಿಗೆ 1.5 ಸ್ಕ್ವೇರ್ ವೈರ್.

60/40 ಲೆಡ್ 183 ಡಿಗ್ರಿಗೆ ಕರಗಲು ಶುರುವಾಗಿ 190ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ಹಾಗಂತ 200ಕ್ಕೆ ಇಟ್ಟರೆ ಕೆಲಸ ಆಗಲ್ಲ. ಬಿಟ್ ತಾಕಿದ ಕೂಡಲೇ ತಾಮ್ರ ಶಾಖವನ್ನು ಎಳೆದುಕೊಳ್ಳುತ್ತದೆ.

300ರಲ್ಲಿ ಚಿಪ್ ಕೆಲಸ ಚೆನ್ನ. ಫ್ಲಕ್ಸ್ ಬೇಗ ಆರಲ್ಲ, ಚಿಪ್ ಸೊಟ್ಟಗೆ ಕೂತರೆ ಸರಿಪಡಿಸಲು ಸಮಯ ಸಿಗುತ್ತದೆ. ರೆಸಿಸ್ಟರಿಗೂ ನಡೆಯುತ್ತದೆ. ರಿಲೇ ಪಾಯಿಂಟಿನಲ್ಲಿ ಮಾತ್ರ ಲೆಡ್ ಹರಿಯದೆ ಮರಳು ಮರಳಾಗಿ ನಿಲ್ಲುತ್ತದೆ, ಬಿಟ್ಟೂ ಅಂಟಿಕೊಳ್ಳುತ್ತದೆ. ಸಿಗುವುದು ಅಪ್ಪಟ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಜಾಯಿಂಟ್. ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಕಡಿಮೆ ಶಾಖದಲ್ಲೂ ಪ್ಯಾಡ್ (ಬೋರ್ಡಿನ ತಾಮ್ರದ ಬಿಲ್ಲೆ) ಎದ್ದು ಬರುತ್ತದೆ.

400ರಲ್ಲಿ ಎಲ್ಲ ಬೇಗ ಆಗುತ್ತದೆ ಅನಿಸುತ್ತದೆ, ಅಷ್ಟೇ. ಉರಿ ಜೋರು ಮಾಡಿದರೆ ಮುದ್ದೆ ತಳ ಹಿಡಿಯುತ್ತದೆ, ಒಳಗೆ ಗಂಟು ಹಾಗೇ ಉಳಿಯುತ್ತದೆ. ಇಲ್ಲೂ ಅದೇ ಕಥೆ. ಲೆಡ್ ರೆಸಿಸ್ಟರಿನ ಕಾಲಿಗೆ ಹಿಡಿಯುವ ಮೊದಲೇ ಫ್ಲಕ್ಸ್ ಹೊಗೆಯಾಗಿ ಹೋಗುತ್ತದೆ, ಬಿಟ್ ಎತ್ತಿದಾಗ ಲೆಡ್ ಮುಳ್ಳಿನಂತೆ ಮೇಲೇಳುತ್ತದೆ, ಬಿಟ್ ಕಪ್ಪಾಗುತ್ತದೆ. ಕಂದು ಬಣ್ಣದ ಅಗ್ಗದ ಬೋರ್ಡಿನಲ್ಲಂತೂ ಟ್ರ್ಯಾಕ್ ಸಮೇತ ಕಿತ್ತು ಬರುತ್ತದೆ. ಹಸಿರು ಫೈಬರ್ ಬೋರ್ಡ್ ಸ್ವಲ್ಪ ತಡೆಯುತ್ತದೆ.

330ರಿಂದ 350 ನಮ್ಮ ಆಯ್ಕೆ. ರೆಸಿಸ್ಟರ್ ಕಾಲಿಗೆ ಎರಡು-ಮೂರು ಸೆಕೆಂಡ್ ಸಾಕು. ಲೆಡ್ ಹೊಳೆಯುತ್ತಾ ಕಾಲಿನ ಸುತ್ತ ಒಳಬಾಗಿ ಕೂರುತ್ತದೆ. ರಿಲೇ ಪಾಯಿಂಟ್ ಮಾತ್ರ ಚೂಪು ಬಿಟ್ಟಿನಲ್ಲಿ 350ಕ್ಕೂ ಬಗ್ಗಲ್ಲ. ಆಗ ಡಯಲ್ ಮುಟ್ಟಬೇಡಿ, 3 ಮಿ.ಮೀ. ಚಪ್ಪಟೆ ಬಿಟ್ ಹಾಕಿ. ಅದೇ 350ರಲ್ಲಿ ಲೆಡ್ ಹರಿಯುತ್ತದೆ, ಯಾಕಂದರೆ ತಾಗುವ ಜಾಗವೂ ಬಿಟ್ಟಿನೊಳಗಿನ ಶಾಖವೂ ಹೆಚ್ಚು.

ಇನ್ನು 25 ವ್ಯಾಟಿನದು. ಸ್ಟ್ಯಾಂಡಿನಲ್ಲಿ ಸುಮ್ಮನಿದ್ದರೆ ಅತಿಯಾಗಿ ಕಾಯುತ್ತದೆ, ದಪ್ಪ ವೈರ್ ಮುಟ್ಟಿಸಿದರೆ ತಣ್ಣಗಾಗುತ್ತದೆ. ಜೊತೆಗೆ ನಮ್ಮ ಕಡೆಯ ಕರೆಂಟ್. ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ತ್ರೀ ಫೇಸ್ ಬಂದು ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದಾಗ 230 ವೋಲ್ಟ್ ಇರಬೇಕಾದದ್ದು 190ಕ್ಕೆ ಇಳಿದರೆ, 25 ವ್ಯಾಟ್ ಐರನ್ ಬರೀ 17 ವ್ಯಾಟ್ ಕೊಡುತ್ತದೆ. ಸ್ಟೇಷನ್ನಿಗೆ ಆಗ ಕಾಯಲು ತುಸು ತಡವಾಗುತ್ತದೆ, ಮಿಕ್ಕಂತೆ ಶಾಖ ನಿಲ್ಲುತ್ತದೆ. ಆದರೂ ವೈರ್ ಜೋಡಿಸುವಂಥ ಒರಟು ಕೆಲಸಕ್ಕೆ 25 ವ್ಯಾಟಿನದು ಇರಲಿ: ಅದರ ಬರೀ ತಾಮ್ರದ ಬಿಟ್ಟನ್ನು ಲೆಡ್ ತಿಂದು ಗುಂಡಿ ಮಾಡಿದರೆ ಅರದಿಂದ ಉಜ್ಜಿ ಸರಿಮಾಡಬಹುದು. ಸ್ಟೇಷನ್ ಬಿಟ್ಟಿಗೆ ಅರ ಹಾಕಿದರೆ ಮೇಲಿನ ಲೇಪ ಹೋಗಿ ಬಿಟ್ಟೇ ಹಾಳು.

ಅಗ್ಗದ ಸ್ಟೇಷನ್‌ಗಳ ಡಯಲ್ ನಂಬಬೇಡಿ. 200ಕ್ಕೆ ಇಟ್ಟು, ಲೆಡ್ ಹಿಡಿಸಿದ ಬಿಟ್ಟಿಗೆ 60/40 ತಾಗಿಸಿ. ಕರಗದಿದ್ದರೆ ನಿಧಾನ ಏರಿಸಿ. 190ಕ್ಕೆ ಕರಗಬೇಕಾದದ್ದು 220ಕ್ಕೆ ಕರಗಿದರೆ ಡಯಲ್ ಸುಮಾರು 30 ಹೆಚ್ಚು ತೋರಿಸುತ್ತಿದೆ. 350 ಬೇಕಿದ್ದಾಗ 380ಕ್ಕೆ ಇಡಿ.

ಸೀಸವಿಲ್ಲದ ಲೆಡ್ 217ರಿಂದ 227ರ ನಡುವೆ ಕರಗುತ್ತದೆ, 370ರವರೆಗೂ ಬೇಕಾಗುತ್ತದೆ. ಕಲಿಯುವವರು ಅದನ್ನು ಕೊಳ್ಳುವುದು ಬೇಡ. ಅಂಥ ಬೋರ್ಡ್ ರಿಪೇರಿಗೆ ಬಂದರೆ ಹಳೇ ಜಾಯಿಂಟಿಗೆ ಸ್ವಲ್ಪ 60/40 ಸೇರಿಸಿ, 350ರಲ್ಲೇ ಬಿಡುತ್ತದೆ. ಸೀಸ ಇರುವ 60/40 ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಬೇಡಿ.